ತಾತನ ಜಮೀನಿನ ಹಳೇ ದಾಖಲೆ: ಯಾವ ಕಚೇರಿಯಲ್ಲಿ, ಏನಂತ ಕೇಳಬೇಕು?

ಪ್ರಶ್ನೆ: ಸರ್, ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ನಮ್ಮೂರು ತುಮಕೂರು ಜಿಲ್ಲೆಯ ಒಂದು ಹಳ್ಳಿ. ನಮ್ಮ ತಾತನಿಗೆ ಅಲ್ಲಿ ಸರ್ವೆ ನಂಬರ್ 47ರಲ್ಲಿ 5 ಎಕರೆ 12 ಗುಂಟೆ ಜಮೀನಿತ್ತು. ತಾತ 1986ರಲ್ಲಿ ತೀರಿಕೊಂಡರು. ಅಪ್ಪ 2009ರಲ್ಲಿ ಹೋದರು. ಈಗ ಆನ್‌ಲೈನ್‌ನಲ್ಲಿ ಪಹಣಿ ನೋಡಿದರೆ 47/2 ಚಿಕ್ಕಪ್ಪನ ಹೆಸರಲ್ಲಿದೆ, 2 ಎಕರೆ 26 ಗುಂಟೆ. ಉಳಿದ ಅಷ್ಟೇ ಜಮೀನು 47/1 ಅಂತ ಆಗಿದೆ, ಅದು ನಮಗೆ ಪರಿಚಯವೇ ಇಲ್ಲದವರ ಹೆಸರಲ್ಲಿದೆ. ಚಿಕ್ಕಪ್ಪನನ್ನು ಕೇಳಿದರೆ "ನಿಮ್ಮಪ್ಪನ ಪಾಲನ್ನು ನಿಮ್ಮ ತಾತನೇ ಮಾರಿಬಿಟ್ಟರು" ಅಂತಾರೆ. ಅಮ್ಮ ಇಲ್ಲವೇ ಇಲ್ಲ ಅಂತಾರೆ. ನಮ್ಮ ಹತ್ತಿರ ಇರೋದು 1974ರ ಒಂದು ಕಂದಾಯ ರಸೀದಿ ಮಾತ್ರ. ತಾಲ್ಲೂಕು ಕಚೇರಿಯಲ್ಲಿ "ಹಳೇ ಫೈಲು ಗೆದ್ದಲು ತಿಂದಿದೆ, ಖಾತೆದಾರರು ಬಂದರೆ ನೋಡೋಣ" ಅಂದರು. ಹೊರಗೆ ಒಬ್ಬರು 15,000 ರೂಪಾಯಿ ಕೊಟ್ಟರೆ "ಒರಿಜಿನಲ್ಲೇ ತಂದುಕೊಡ್ತೀನಿ" ಅಂದರು. ನಾನು ಖಾತೆದಾರಳಲ್ಲ, ಮೇಲಾಗಿ ಮದುವೆಯಾದ ಹೆಣ್ಣುಮಗಳು. ನನಗೆ ಈ ದಾಖಲೆ ಕೇಳುವ ಹಕ್ಕಿದೆಯಾ? ಎಲ್ಲಿಂದ ಶುರು ಮಾಡಲಿ?

ಉತ್ತರ:

ನಿಮ್ಮ ಚಿಂತೆ ಎರಡು ಭಾಗದ್ದು. ಒಂದು, ಅಪ್ಪನ ಪಾಲು ಎಲ್ಲಿ ಹೋಯಿತು ಅನ್ನೋದು. ಇನ್ನೊಂದು, ಅದನ್ನು ತಿಳಿಯಲು ಬೇಕಾದ ಕಾಗದ ನಿಮ್ಮ ಕೈಗೆ ಸಿಗುತ್ತಾ ಅನ್ನೋದು. ಪಾಲಿನ ಹಕ್ಕಿನ ತೀರ್ಮಾನ ವಕೀಲರ ಹಾಗೂ ಕೋರ್ಟಿನ ಕೆಲಸ. ಎರಡನೆಯದಕ್ಕೆ ಮಾತ್ರ ನಾನು ಉತ್ತರ ಕೊಡುತ್ತೇನೆ. ಕಂದಾಯ ಇಲಾಖೆಯ ಕೆಲಸದಲ್ಲಿ ವರ್ಷಗಟ್ಟಲೆ ಈ ಪುಸ್ತಕಗಳ ನಡುವೆಯೇ ಇದ್ದವನಾಗಿ ಧೈರ್ಯವಾಗಿ ಹೇಳುತ್ತೇನೆ: ಕಾಗದ ಸಿಗುತ್ತದೆ. ಎಲ್ಲವೂ ಸಿಗದಿದ್ದರೂ ನಡೆದಿದ್ದೇನು ಅಂತ ಗೊತ್ತಾಗುವಷ್ಟು ಸಿಗುತ್ತದೆ.

ಮೊದಲು ನಿಮಗೆ ಹೇಳಿರುವ ತಪ್ಪು ಮಾತುಗಳನ್ನು ಪಕ್ಕಕ್ಕಿಡೋಣ.

"ಖಾತೆದಾರರೇ ಬರಬೇಕು" ಅನ್ನೋದು ಸುಳ್ಳು. ಪಹಣಿ, ಮ್ಯುಟೇಶನ್ ರಿಜಿಸ್ಟರ್ (ಖಾತೆ ಬದಲಾವಣೆ ಬರೆಯುವ ಎಂ.ಆರ್. ಪುಸ್ತಕ), ಆಕಾರ್‌ಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ಪಟ್ಟಿ), ಗ್ರಾಮ ನಕಾಶೆ ಇವೆಲ್ಲ ಸಾರ್ವಜನಿಕ ದಾಖಲೆಗಳು. ಯಾರು ಬೇಕಾದರೂ ಶುಲ್ಕ ಕಟ್ಟಿ ನಕಲು ಕೇಳಬಹುದು. ನೀವು ಆನ್‌ಲೈನ್‌ನಲ್ಲಿ ಚಿಕ್ಕಪ್ಪನ ಪಹಣಿ ನೋಡಿದಿರಲ್ಲ, ಆಗ ಯಾರೂ ನಿಮ್ಮನ್ನು ತಡೆಯಲಿಲ್ಲ, ಅಲ್ವಾ? 1998ರ ಪಹಣಿಗೆ ಬೇರೆ ನಿಯಮ ಇಲ್ಲ. ಮಾಹಿತಿ ಹಕ್ಕು ಕಾಯ್ದೆಯಲ್ಲಂತೂ ಭಾರತದ ನಾಗರಿಕರಾಗಿದ್ದರೆ ಸಾಕು. ಯಾಕೆ ಬೇಕು ಅಂತ ಕಾರಣ ಹೇಳಬೇಕಾಗಿಲ್ಲ, ಅದು ಕಾಯ್ದೆಯ 6(2)ರಲ್ಲೇ ಇದೆ. ಮದುವೆಯಾಗಿದೆಯೋ ಇಲ್ಲವೋ ಅನ್ನೋದು ಇಲ್ಲಿ ಲೆಕ್ಕಕ್ಕೇ ಬರೋದಿಲ್ಲ. (ವಿದೇಶದಲ್ಲಿದ್ದು ಅಲ್ಲಿನ ಪೌರತ್ವ ಪಡೆದವರು ಮಾತ್ರ ಈ ಕಾಯ್ದೆಯಡಿ ತಾವೇ ಕೇಳಲು ಆಗುವುದಿಲ್ಲ. ಅಂಥವರು ಊರಲ್ಲಿರುವ ಅಣ್ಣನ ಕೈಲೋ ಅಕ್ಕನ ಕೈಲೋ ಅರ್ಜಿ ಹಾಕಿಸಿ.)

"ಪಹಣಿಯಲ್ಲಿ ಹೆಸರು ಬಂದರೆ ಜಮೀನು ಅವರದೇ" ಅನ್ನೋದು ಇನ್ನೊಂದು ತಪ್ಪು ತಿಳಿವಳಿಕೆ. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 133ನೇ ಕಲಮಿನ ಪ್ರಕಾರ, ಪಹಣಿಯ ನಮೂದು ತಪ್ಪು ಅಂತ ಸಾಬೀತಾಗುವವರೆಗೆ ಅದನ್ನು ಸರಿ ಅಂತ ಭಾವಿಸಬೇಕು. ಅಷ್ಟೇ. ಖಾತೆ ಬದಲಾವಣೆಯಿಂದ ಮಾಲೀಕತ್ವ ಹುಟ್ಟುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಹಾಗಂತ ಪಹಣಿಯನ್ನು ಹಗುರವಾಗಿ ನೋಡಬೇಡಿ. ನಿಮ್ಮ ಹುಡುಕಾಟಕ್ಕೆ ದಾರಿ ತೋರಿಸೋದೇ ಅದು.

"ಇ.ಸಿ. ತೆಗೆಸಿದರೆ ಎಲ್ಲ ಗೊತ್ತಾಗುತ್ತೆ" ಅಂತಲೂ ಯಾರಾದರೂ ಹೇಳಿಯೇ ಇರುತ್ತಾರೆ. ಇ.ಸಿ. ಅಂದರೆ ಋಣಭಾರ ಪತ್ರ, ಅದರಲ್ಲಿ ಬರೋದು ನೋಂದಣಿಯಾದ ವ್ಯವಹಾರ ಮಾತ್ರ. ಮನೆಯಲ್ಲೇ ಕೂತು ಬರೆದುಕೊಂಡ ಪಾಲುಪಟ್ಟಿ, ಪೌತಿ ಖಾತೆ (ತೀರಿಕೊಂಡವರಿಂದ ವಾರಸುದಾರರಿಗೆ ಬರುವ ಖಾತೆ), ಭೂ ನ್ಯಾಯಮಂಡಳಿಯ ಆದೇಶ, ದರಖಾಸ್ತು (ಸರ್ಕಾರಿ ಜಮೀನಿನ) ಮಂಜೂರಾತಿ ಇವು ಅದರಲ್ಲಿ ಕಾಣಿಸೋದಿಲ್ಲ. "ಇ.ಸಿ. ಖಾಲಿ ಇದೆ, ಅಂದರೆ ಏನೂ ನಡೆದಿಲ್ಲ" ಅಂತ ತೀರ್ಮಾನಿಸಿ ಮೋಸಹೋದವರನ್ನು ಬಹಳ ನೋಡಿದ್ದೇನೆ.

ಇನ್ನು "ಒರಿಜಿನಲ್ ತಂದುಕೊಡ್ತೀನಿ" ಅಂದವರ ಮಾತು. ದಯವಿಟ್ಟು ಅವರ ಹತ್ತಿರ ಹೋಗಬೇಡಿ. ಮೂಲ ಪುಸ್ತಕ, ಮೂಲ ಕಡತ ಕಚೇರಿ ಬಿಟ್ಟು ಹೊರಗೆ ಬರುವಂತಿಲ್ಲ. ಯಾರಾದರೂ ತಂದುಕೊಟ್ಟರೆ ಅದು ಕಳ್ಳತನದ ಮಾಲು, ಇಲ್ಲವೇ ನಕಲಿ. ಎರಡರಲ್ಲೂ ಸಿಕ್ಕಿಬೀಳೋದು ನೀವೇ. ಅದಕ್ಕಿಂತ ಕೆಟ್ಟದೆಂದರೆ, ರಿಜಿಸ್ಟರಿನ ಹಾಳೆ ಒಮ್ಮೆ ಹೊರಗೆ ಹೋದರೆ ನಿಮ್ಮ ಪರವಾದ ಸಾಕ್ಷ್ಯವೇ ಹಾಳಾಗುತ್ತದೆ. ಕೋರ್ಟಿಗೆ ಬೇಕಾಗಿರೋದು ಅಧಿಕಾರಿಯ ಸಹಿ, ಮೊಹರು ಇರುವ ದೃಢೀಕೃತ ನಕಲು. ಅದಕ್ಕೆ ಪುಟಕ್ಕೆ ಇಷ್ಟು ಅಂತ ಸಣ್ಣ ಶುಲ್ಕ ಕಟ್ಟಿದರೆ ಸಾಕು.

ಹಳೇ ಕಾಗದ ಯಾಕೆ ಸಿಗುವುದಿಲ್ಲ?

ಅನೇಕ ಸಲ ಕಾಗದ ಅಲ್ಲೇ ಇರುತ್ತದೆ, ಕೇಳುವ ರೀತಿ ಸರಿ ಇರುವುದಿಲ್ಲ. "ನಮ್ಮ ತಾತನ ಜಮೀನಿನ ಎಲ್ಲ ದಾಖಲೆ ಕೊಡಿ" ಅಂದರೆ ರೆಕಾರ್ಡ್ ರೂಮಿನವರಿಗೆ ಏನನ್ನು ಎತ್ತಬೇಕು ಅಂತಲೇ ಗೊತ್ತಾಗೋದಿಲ್ಲ. ಅಲ್ಲಿ ಯಾವ ಪುಸ್ತಕವೂ ನಿಮ್ಮ ತಾತನ ಹೆಸರಿನಲ್ಲಿ ಇರೋದಿಲ್ಲ. ಗ್ರಾಮವಾರು, ವರ್ಷವಾರು, ರಿಜಿಸ್ಟರುವಾರು ಕಟ್ಟಿಟ್ಟಿರುತ್ತಾರೆ. ಹೋಬಳಿ, ಗ್ರಾಮ, ಸರ್ವೆ ನಂಬರ್, ರಿಜಿಸ್ಟರಿನ ಹೆಸರು, ವರ್ಷ ಈ ಐದನ್ನೂ ಬರೆದುಕೊಟ್ಟರೆ ಒಬ್ಬ ಸಿಬ್ಬಂದಿ ಹೋಗಿ ಕಟ್ಟು ಬಿಚ್ಚಿ ತೆಗೆಯಬಹುದು. ಅಷ್ಟು ನಿಖರವಾಗಿ ಕೇಳಿದವರಿಗೆ "ಗೆದ್ದಲು ತಿಂದಿದೆ" ಅಂತ ಬಾಯಿಮಾತಲ್ಲಿ ಸಾಗಹಾಕೋದೂ ಕಷ್ಟ.

ಎರಡನೇ ಕಾರಣ, ದಾಖಲೆಗಳು ಒಂದೇ ಕಡೆ ಇಲ್ಲ. ಪಹಣಿ, ಎಂ.ಆರ್. ಪುಸ್ತಕ, ಮಂಜೂರಾತಿ ಕಡತ, ಭೂ ನ್ಯಾಯಮಂಡಳಿಯ ಕಡತ ತಹಶೀಲ್ದಾರ್ ಕಚೇರಿಯಲ್ಲಿರುತ್ತವೆ. ಟಿಪ್ಪಣಿ, ಆಕಾರ್‌ಬಂದ್, ಹಿಸ್ಸಾ (ಸರ್ವೆ ನಂಬರಿನ ಭಾಗದ) ನಕ್ಷೆ, ಅಟ್ಲಾಸ್ ಇವು ಸರ್ವೆ ಇಲಾಖೆಯಲ್ಲಿ, ಅಂದರೆ ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ. ಕ್ರಯಪತ್ರ, ನೋಂದಾಯಿತ ವಿಭಾಗಪತ್ರ, ದಾನಪತ್ರ ಉಪನೋಂದಣಿ ಕಚೇರಿಯಲ್ಲಿ. ಒಂದು ಕಡೆ ಇಲ್ಲ ಅಂದ ಮಾತ್ರಕ್ಕೆ ಎಲ್ಲೂ ಇಲ್ಲ ಅಂತಲ್ಲ. ಒಂದೇ ವ್ಯವಹಾರ ಒಂದಕ್ಕಿಂತ ಹೆಚ್ಚು ಕಚೇರಿಗಳಲ್ಲಿ ಗುರುತು ಬಿಟ್ಟಿರೋದುಂಟು. ನಿಮ್ಮ ವಿಷಯದಲ್ಲಿ ಇದೇ ದೊಡ್ಡ ಬಲ.

ಮೂರನೆಯದು, ಗಡಿಗಳ ಬದಲಾವಣೆ. 1997ರಲ್ಲಿ ಉಡುಪಿ, ದಾವಣಗೆರೆ, ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಚಾಮರಾಜನಗರ ಹೊಸ ಜಿಲ್ಲೆಗಳಾದವು. 2007ರಲ್ಲಿ ರಾಮನಗರ, ಚಿಕ್ಕಬಳ್ಳಾಪುರ. 2021ರಲ್ಲಿ ವಿಜಯನಗರ. ಈಚಿನ ವರ್ಷಗಳಲ್ಲಿ ಹೊಸ ತಾಲ್ಲೂಕುಗಳೂ ಆಗಿವೆ. ಊರು ಹೊಸ ತಾಲ್ಲೂಕಿಗೆ ಹೋದರೂ ಹಳೇ ಕಟ್ಟುಗಳು ಮೂಲ ತಾಲ್ಲೂಕಿನಲ್ಲೇ ಉಳಿದಿರೋದುಂಟು. ತುಮಕೂರು ಜಿಲ್ಲೆಯಾಗಿ ಒಡೆದಿಲ್ಲ. ಆದರೆ ನಿಮ್ಮ ಹೋಬಳಿ 1980ರ ದಶಕದಲ್ಲಿ ಯಾವ ಉಪನೋಂದಣಿ ಕಚೇರಿಗೆ ಸೇರಿತ್ತು ಅಂತ ಮಾತ್ರ ಊರಿನ ಹಿರಿಯರನ್ನು ಕೇಳಿ ತಿಳಿದುಕೊಳ್ಳಿ.

ಜೊತೆಗೆ ಒಂದು ತಾಂತ್ರಿಕ ಗೆರೆ ಇದೆ. ಭೂಮಿ ಯೋಜನೆಯಡಿ ಪಹಣಿಗಳು ಕಂಪ್ಯೂಟರಿಗೆ ಏರಿದ್ದು 2000ರಿಂದ 2002ರ ಆಸುಪಾಸಿನಲ್ಲಿ. ಆಗ ಸುಮಾರು 2 ಕೋಟಿ ಪಹಣಿಗಳನ್ನು ಕೈಬರಹದಿಂದ ನೋಡಿ ಟೈಪ್ ಮಾಡಿದರು. ಅದಕ್ಕಿಂತ ಹಿಂದಿನದು ಕೈಬರಹದ ಪುಸ್ತಕ. ಹಾಗಾಗಿ ಆನ್‌ಲೈನ್‌ನಲ್ಲಿ 1986 ಹುಡುಕಿ ಸಿಗಲಿಲ್ಲ ಅಂತ ಬೇಸರಪಡಬೇಡಿ. ಟೈಪ್ ಮಾಡುವಾಗ ಹೆಸರು, ವಿಸ್ತೀರ್ಣ ತಪ್ಪಿದ ಉದಾಹರಣೆಗಳೂ ಇವೆ. ಕೈಬರಹದ ಕೊನೆಯ ಪಹಣಿ ಮತ್ತು ಕಂಪ್ಯೂಟರಿನ ಮೊದಲ ಪಹಣಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲೇಬೇಕು.

ಹಿಂದಕ್ಕೆ ನಡೆಯಿರಿ

ಎಲ್ಲರೂ ತಾತನ ಕಾಲದಿಂದ ಶುರು ಮಾಡಲು ಹೋಗುತ್ತಾರೆ. ನೀವು ಇವತ್ತಿನ ಪಹಣಿಯಿಂದ ಶುರು ಮಾಡಿ. ಅದರಲ್ಲೂ ಚಿಕ್ಕಪ್ಪನ 47/2 ಆಮೇಲೆ. ಮೊದಲು 47/1. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿದೆ.

ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, ವಿಸ್ತೀರ್ಣ ಇರುತ್ತದೆ. ಎಲ್ಲರೂ ಅದನ್ನು ನೋಡಿ ಮುಚ್ಚಿಡುತ್ತಾರೆ. ಪಕ್ಕದ 10ನೇ ಕಾಲಂ ನೋಡಿ. ಆ ಹೆಸರು ಹೇಗೆ ಬಂತು ಅಂತ ಅಲ್ಲಿರುತ್ತದೆ: ಎಂ.ಆರ್. ಇಷ್ಟು, ವರ್ಷ ಇಷ್ಟು ಅಂತ. ಹಳೇ ಮೈಸೂರು ಕಡೆಯ ಹಳೇ ಪಹಣಿಗಳಲ್ಲಿ ಐ.ಎಚ್.ಸಿ. (ವಾರಸಿನ ಖಾತೆ) ನಂಬರ್, ಆರ್.ಆರ್. (ರೆಕಾರ್ಡ್ ಆಫ್ ರೈಟ್ಸ್) ನಂಬರ್ ಅಂತಲೂ ಬರೆದಿರುತ್ತಾರೆ. 11ನೇ ಕಾಲಂನಲ್ಲಿ ಸಾಲ, ಅಡಮಾನ, ಕೋರ್ಟ್ ತಡೆ ಇದ್ದರೆ ಕಾಣುತ್ತದೆ. 12ನೇ ಕಾಲಂನಲ್ಲಿ ಉಳುಮೆ ಮಾಡುತ್ತಿದ್ದವರ ಹೆಸರು. ನಿಮ್ಮಪ್ಪನ ಹೆಸರು 9ರಲ್ಲಿ ಇಲ್ಲದಿದ್ದರೂ ಯಾವುದೋ ವರ್ಷದ 12ರಲ್ಲಿ ಕಂಡರೆ ಅದೂ ಒಂದು ಸುಳಿವು.

ಆ ಎಂ.ಆರ್. ನಂಬರ್ ಹಿಡಿದು ಮ್ಯುಟೇಶನ್ ರಿಜಿಸ್ಟರಿನ ಆ ಪುಟದ ನಕಲು ಕೇಳಿ. ಅದರಲ್ಲಿ ಖಾತೆ ಯಾರಿಂದ ಯಾರಿಗೆ, ಯಾವ ಕಾರಣಕ್ಕೆ ಹೋಯಿತು ಅಂತ ಇರುತ್ತದೆ: ಕ್ರಯ, ಪೌತಿ, ಪಾಲು, ದಾನ, ಆದೇಶ. ಕ್ರಯವಾಗಿದ್ದರೆ ಪತ್ರದ ನೋಂದಣಿ ಸಂಖ್ಯೆ, ತಾರೀಖು ಬರೆದಿರಬೇಕು. ತಕರಾರು ಬಂದಿತ್ತಾ, ಯಾರು ಮಂಜೂರು ಮಾಡಿದರು ಅನ್ನೋದೂ ಇರುತ್ತದೆ. ತಕರಾರು ನಡೆದಿದ್ದರೆ ಆ ಪ್ರಕರಣದ ಆರ್‌ಆರ್‌ಟಿ ಕಡತ ಬೇರೆ ಇರುತ್ತದೆ, ಅದರ ನಂಬರೂ ಬರೆದುಕೊಳ್ಳಿ.

ಇಲ್ಲಿ ನಿಮ್ಮ ಚಿಕ್ಕಪ್ಪನ ಮಾತನ್ನು ನೇರವಾಗಿ ಪರೀಕ್ಷಿಸಬಹುದು. ತಾತ ನಿಜಕ್ಕೂ ಮಾರಿದ್ದರೆ 1986ಕ್ಕಿಂತ ಮುಂಚಿನ ಕ್ರಯಪತ್ರ ಇರಲೇಬೇಕು. 100 ರೂಪಾಯಿ ಅಥವಾ ಅದಕ್ಕೂ ಮೇಲಿನ ಬೆಲೆಯ ಸ್ಥಿರಾಸ್ತಿಯನ್ನು ನೋಂದಣಿ ಇಲ್ಲದೆ ಮಾರಲು ಕಾನೂನಿನಲ್ಲಿ ಅವಕಾಶವಿಲ್ಲ. ಎಂ.ಆರ್. 1986ರ ನಂತರದ್ದಾಗಿ, ಕಾರಣ ಪಾಲು ಅಥವಾ ಪೌತಿ ಅಂತಿದ್ದರೆ ಕಥೆ ಬೇರೆ. ಮಾರಿದವರು ತಾತ ಅಲ್ಲದೆ ಬೇರೆಯವರಾಗಿದ್ದರೆ ಇನ್ನೂ ಬೇರೆ. ನಿಮ್ಮಪ್ಪನೇ ಸಹಿ ಹಾಕಿರುವ ಸಾಧ್ಯತೆಯೂ ಇದೆ, ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಮನೆಯಲ್ಲಿ ಹೇಳದೆ ಪಾಲು ಮಾರಿಕೊಂಡ ಅಪ್ಪಂದಿರು ಇದ್ದಾರೆ. ಅದಕ್ಕೇ ಚಿಕ್ಕಪ್ಪನ ಜೊತೆ ಜಗಳಕ್ಕೆ ಇಳಿಯುವ ಮುಂಚೆ ಆ ಪುಟ ಓದಿ.

ಇನ್ನೂ ಹಿಂದೆ ಹೋಗಬೇಕಾದರೆ ನಿಮ್ಮ 1974ರ ರಸೀದಿ ಉಪಯೋಗಕ್ಕೆ ಬರುತ್ತದೆ. ಅದರಲ್ಲಿ ಖಾತೆ ನಂಬರ್ ಇದ್ದರೆ ಗುರುತು ಹಾಕಿ ಒಂದೆರಡು ಪ್ರತಿ ಮಾಡಿಸಿಡಿ. ಈಗಿನ ನಮೂನೆಯ ಪಹಣಿ ಬಂದದ್ದು 1966ರ ಭೂ ಕಂದಾಯ ನಿಯಮಗಳ ನಂತರ. ಅದಕ್ಕೂ ಹಿಂದಿನದ್ದಕ್ಕೆ ನಿಮ್ಮ ಕಡೆ ಇಂಡೆಕ್ಸ್ ಆಫ್ ಲ್ಯಾಂಡ್ಸ್, ರೆಕಾರ್ಡ್ ಆಫ್ ರೈಟ್ಸ್, ಖೇತವಾರು ಪತ್ರಿಕೆ ಅಂತ ಕೇಳಬೇಕು. ಬೇರೆ ಕಡೆಯ ಓದುಗರಿಗೂ ಇದು ಉಪಯೋಗವಾಗಲಿ ಅಂತ ಹೇಳುತ್ತೇನೆ: ಧಾರವಾಡ, ಬೆಳಗಾವಿ ಕಡೆ ಪಹಣಿಗೆ ಉತಾರ, ಮ್ಯುಟೇಶನ್‌ಗೆ ವರ್ದಿ ಅಥವಾ ಡೈರಿ ಅಂತಾರೆ. ಕಲಬುರಗಿ, ರಾಯಚೂರು ಕಡೆ 1954-55ರ ಖಾಸ್ರಾ ಪಹಣಿಯೇ ಬುಡ. ದಕ್ಷಿಣ ಕನ್ನಡದಲ್ಲಿ ಅಡಂಗಲ್. ಮೂರು ಬೇರೆ ಬೇರೆ ಆಡಳಿತದಿಂದ ಬಂದ ಪುಸ್ತಕಗಳು ಇವು. ಕಚೇರಿಯವರು ಆಡುವ ಹೆಸರನ್ನೇ ಅರ್ಜಿಯಲ್ಲಿ ಬರೆದರೆ ಕೆಲಸ ಬೇಗ ಆಗುತ್ತದೆ.

ನಿಮ್ಮ ಜಮೀನು ಇನಾಂ ಆಗಿತ್ತಾ, ಗೇಣಿಯದ್ದಾಗಿತ್ತಾ ಅಂತಲೂ ಅಮ್ಮನನ್ನು ಕೇಳಿ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂ ಸುಧಾರಣೆಯಲ್ಲಿ ಗೇಣಿದಾರರ ನಮೂನೆ 7ರ ಅರ್ಜಿ ಕೊಟ್ಟು ಪಡೆದ ಜಮೀನಾಗಿದ್ದರೆ ಭೂ ನ್ಯಾಯಮಂಡಳಿಯ ಆದೇಶ ಇರುತ್ತದೆ. ಆಗ ಅರ್ಜಿ ಕೊಟ್ಟವರು ಯಾರು, ಅವರು ಇಡೀ ಕುಟುಂಬದ ಪರವಾಗಿ ಕೊಟ್ಟರಾ ಅನ್ನೋದು ಮುಖ್ಯವಾಗುತ್ತದೆ.

ಉಪನೋಂದಣಿ ಕಚೇರಿ

ಜನ ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಹಳೇ ದಾಖಲೆ ಅತ್ಯಂತ ಭದ್ರವಾಗಿ ಉಳಿದಿರೋದು ಇಲ್ಲೇ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ 1ನೇ ಪುಸ್ತಕ, ಅಂದರೆ ಸ್ಥಿರಾಸ್ತಿಯ ಪತ್ರಗಳನ್ನು ನಕಲು ಮಾಡಿಡುವ ಪುಸ್ತಕ ಮತ್ತು ಅದರ ಸೂಚಿಗಳು ಯಾರು ಕೇಳಿದರೂ ನೋಡಲು ತೆರೆದಿರಬೇಕು. ಶುಲ್ಕ ಕಟ್ಟಿದರೆ ಯಾರಿಗಾದರೂ ನಕಲು ಕೊಡಬೇಕು. ಮರಣಶಾಸನದ 3ನೇ ಪುಸ್ತಕಕ್ಕೆ ನಿರ್ಬಂಧವಿದೆ. ಬರೆದವರು ತೀರಿಕೊಂಡ ಮೇಲೆ ಅದರ ನಕಲೂ ಸಿಗುತ್ತದೆ.

ಸೂಚಿಗಳು ಎರಡು ಬಗೆ. ಒಂದು ಹೆಸರಿನ ಪ್ರಕಾರ, ಇನ್ನೊಂದು ಆಸ್ತಿಯ ಪ್ರಕಾರ. ನೀವು ಎರಡರಲ್ಲೂ ಹುಡುಕಿಸಿ. 2004ರ ಈಚಿನದ್ದು ಸಾಮಾನ್ಯವಾಗಿ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಕಚೇರಿಗೆ ಅರ್ಜಿ ಕೊಟ್ಟು ಕೈಯಾರೆ ಹುಡುಕಿಸಬೇಕು. ಒಂದು ಎಚ್ಚರಿಕೆ: ಅರ್ಜಿಯಲ್ಲಿ 47/1 ಅಂತ ಮಾತ್ರ ಬರೆದರೆ ಸಿಗದೇ ಹೋಗಬಹುದು. ಪೋಡಿ (ಸರ್ವೆ ನಂಬರನ್ನು ಭಾಗ ಮಾಡೋದು) ಆಗುವ ಮುಂಚೆ ಮಾರಿದ್ದರೆ ಪತ್ರದಲ್ಲಿ ಬರೀ 47 ಅಂತಿರುತ್ತದೆ. ಹಾಗಾಗಿ 47, 47/1, 47/2 ಮೂರನ್ನೂ ಬರೆಯಿರಿ. ತಾತನ ಹೆಸರು, ಅವರ ತಂದೆಯ ಹೆಸರು, ಊರಲ್ಲಿ ಕರೆಯುತ್ತಿದ್ದ ಹೆಸರು, ಗೊತ್ತಿದ್ದರೆ ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಎಲ್ಲ ಕೊಡಿ. ಅವಧಿ 1970ರಿಂದ ಇವತ್ತಿನವರೆಗೆ ಇರಲಿ. ವರ್ಷ ಹೆಚ್ಚಾದಷ್ಟೂ ಹುಡುಕುವ ಶುಲ್ಕ ಸ್ವಲ್ಪ ಜಾಸ್ತಿ ಆಗುತ್ತದೆ, ಆದರೂ ಪರವಾಗಿಲ್ಲ.

ಪತ್ರ ಸಿಕ್ಕರೆ ಸಾಕ್ಷಿಗಳ ಹೆಸರು, ಬರೆದವರ ಹೆಸರು, ಮಾರಿದ ಕಾರಣ, ಹಣ ಪಡೆದವರು ಯಾರು ಎಲ್ಲವೂ ಅದರಲ್ಲೇ ಇರುತ್ತದೆ. ಈ ದಾಖಲೆಗೆ ಮಾಹಿತಿ ಹಕ್ಕಿನಲ್ಲಿ ಕೇಳೋದು ಬೇಡ. ನೋಂದಣಿ ಕಾಯ್ದೆಯಲ್ಲೇ ದಾರಿ ಇರುವುದರಿಂದ "ಅಲ್ಲಿ ಅರ್ಜಿ ಹಾಕಿ" ಅಂತ ವಾಪಸು ಕಳಿಸುತ್ತಾರೆ, ಸುಮ್ನೆ ಒಂದು ತಿಂಗಳು ಹೋಗುತ್ತದೆ.

ಸರ್ವೆ ಕಚೇರಿಯ ಕೆಲಸ ಚಿಕ್ಕದು. 47 ಯಾವಾಗ ಎರಡು ಹಿಸ್ಸಾ ಆಯಿತು, ಅದಕ್ಕೆ ಯಾರು ಅರ್ಜಿ ಕೊಟ್ಟರು ಅಂತ ತಿಳಿಯಲು ಹಿಸ್ಸಾ ಟಿಪ್ಪಣಿ ಮತ್ತು ಪೋಡಿ ಕಡತ ಕೇಳಿ. ಜೊತೆಗೆ ಆಕಾರ್‌ಬಂದ್ ನಕಲು ತೆಗೆದುಕೊಳ್ಳಿ. 5 ಎಕರೆ 12 ಗುಂಟೆಯಲ್ಲಿ ಖರಾಬು (ಸಾಗುವಳಿಗೆ ಬಾರದ ಜಾಗ) ಎಷ್ಟು ಅಂತ ಅದರಿಂದ ಗೊತ್ತಾಗುತ್ತದೆ. ನೆಲದ ಮೇಲೆ ಜಾಗ ಎಲ್ಲಿದೆ ಅಂತ ಅಂದಾಜು ಮಾಡಲು ದಿಶಾಂಕ್ ಆ್ಯಪ್ ಸಾಕು. ಆದರೆ ಅದರ ಗೆರೆಯನ್ನು ನಂಬಿ ಬೇಲಿಯ ಜಗಳ ತೆಗೆಯಬೇಡಿ.

ಕೇಳುವ ದಾರಿಗಳು

ಮೊದಲು ಸಾಮಾನ್ಯ ನಕಲು ಅರ್ಜಿ ಕೊಡಿ. ಅಗ್ಗ, ದೃಢೀಕೃತ ನಕಲೇ ಸಿಗುತ್ತದೆ, ಯಾರ ಮನಸ್ಸೂ ಕೆಡುವುದಿಲ್ಲ. ಭೂ ಸುರಕ್ಷಾ ಯೋಜನೆಯಡಿ ತಾಲ್ಲೂಕು ಕಚೇರಿಗಳ ಹಳೇ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ನಿಮ್ಮ ಗ್ರಾಮದ್ದು ಆಗಿದೆಯಾ ಅಂತ ಕೇಳಿ, ಆಗಿದ್ದರೆ ಕೆಲಸ ಸುಲಭ. ಈ ದಾರಿಯ ತೊಂದರೆ ಒಂದೇ: ಬಾಯಿಮಾತಿನ "ಇಲ್ಲ". ಅದನ್ನು ಒಪ್ಪಿಕೊಂಡು ವಾಪಸು ಬರಬೇಡಿ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿ ಸ್ವೀಕೃತಿ ಪಡೆಯಿರಿ. ಸಕಾಲ (ನಿಗದಿತ ದಿನದೊಳಗೆ ಕೊಡಬೇಕಾದ) ಸೇವೆಯಾಗಿದ್ದರೆ ಅರ್ಜಿಯ ಜಿಎಸ್‌ಸಿ ಸಂಖ್ಯೆ ಕೇಳಿ. ದಾಖಲೆ ಇಲ್ಲ ಅಂದರೆ "ಹಾಗಂತ ಹಿಂಬರಹ ಕೊಡಿ" ಅಂತ ವಿನಯವಾಗಿ ಕೇಳಿ. ಬರವಣಿಗೆಯಲ್ಲಿ "ಇಲ್ಲ" ಅಂತ ಕೊಟ್ಟು ಸಹಿ ಹಾಕಲು ಯಾವ ಸಿಬ್ಬಂದಿಯೂ ಸುಲಭವಾಗಿ ಮುಂದೆ ಬರೋದಿಲ್ಲ. ಎಷ್ಟೋ ಕಡತಗಳು ಆ ಒಂದು ಮಾತಿಗೇ ಹೊರಗೆ ಬಂದಿವೆ.

ರೆಕಾರ್ಡ್ ರೂಮಿನವರ ಬಗ್ಗೆಯೂ ಒಂದು ಮಾತು. ಒಬ್ಬರೋ ಇಬ್ಬರೋ ಸಿಬ್ಬಂದಿ, ನೂರಾರು ಹಳ್ಳಿಗಳ ಕಟ್ಟುಗಳು, ಧೂಳು. ವಾರದ ಮೊದಲ ದಿನ ಬೆಳಿಗ್ಗೆ ಹೋಗಿ ಅವಸರ ಮಾಡಬೇಡಿ. ನಿಖರವಾದ ಚೀಟಿ ಕೊಟ್ಟು, ಯಾವಾಗ ಬರಲಿ ಅಂತ ಕೇಳಿ. ಮರ್ಯಾದೆಯಿಂದ ಕೇಳಿದವರಿಗೆ ಪುಸ್ತಕ ತೆಗೆದು ತೋರಿಸುವ ಒಳ್ಳೆಯ ನೌಕರರು ಈಗಲೂ ಇದ್ದಾರೆ.

ಅರ್ಜಿಗೆ ಉತ್ತರ ಬರದಿದ್ದರೆ ಮಾಹಿತಿ ಹಕ್ಕು. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಎ4 ನಕಲಿಗೆ ಪುಟಕ್ಕೆ 2 ರೂಪಾಯಿ. ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸುಮಾರು 150 ಪದದೊಳಗೆ ಇರಬೇಕು. ಹಾಗಾಗಿ ತಾತನ ಕಥೆ, ಚಿಕ್ಕಪ್ಪನ ಮೇಲಿನ ದೂರು ಬರೆಯಬೇಡಿ. "ಯಾಕೆ ನಮ್ಮಪ್ಪನ ಹೆಸರು ಬಿಟ್ಟಿರಿ?" ಅಂತ ಕೇಳಿದರೆ ಉತ್ತರ ಬರುವುದಿಲ್ಲ. ಕಚೇರಿಯಲ್ಲಿ ಇರುವ ದಾಖಲೆ ಕೊಡಬೇಕೇ ಹೊರತು ಹೊಸದಾಗಿ ವಿವರಣೆ ಬರೆದುಕೊಡಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಒಕ್ಕಣೆ ಹೀಗಿರಲಿ:

"......... ಹೋಬಳಿ, ......... ಗ್ರಾಮದ ಸರ್ವೆ ನಂಬರ್ 47, 47/1 ಮತ್ತು 47/2ಕ್ಕೆ ಸಂಬಂಧಿಸಿದ ಈ ಕೆಳಗಿನ ದಾಖಲೆಗಳ ದೃಢೀಕೃತ ನಕಲು ಕೊಡಿ. ಒಂದು, 1969-70ರಿಂದ 2001-02ರವರೆಗಿನ ಕೈಬರಹದ ಪಹಣಿ. ಎರಡು, 47/1ರ ಪಹಣಿಯ 10ನೇ ಕಾಲಂನಲ್ಲಿ ಕಾಣಿಸಿರುವ ಎಂ.ಆರ್. ನಂಬರ್ ......... ವರ್ಷ .........ರ ಪುಟ ಹಾಗೂ ಅದರ ಕಡತ. ಮೂರು, ಮೇಲಿನ ಯಾವುದಾದರೂ ದಾಖಲೆ ಲಭ್ಯವಿಲ್ಲದಿದ್ದರೆ, ಅದನ್ನು ನಾಶಪಡಿಸಿದ್ದಕ್ಕೆ ಅಥವಾ ಬೇರೆ ಕಚೇರಿಗೆ ಕಳಿಸಿದ್ದಕ್ಕೆ ಇರುವ ರಿಜಿಸ್ಟರಿನ ನಮೂದು. ನಕಲು ಪಡೆಯುವ ಮುಂಚೆ ಈ ದಾಖಲೆಗಳನ್ನು ಪರಿಶೀಲಿಸಲು ಅವಕಾಶ ಕೊಡಿ."

ಮೂರನೇ ಸಾಲನ್ನು ಬಿಡಬೇಡಿ. ಕಂದಾಯ ಕಡತಗಳನ್ನು ವರ್ಗ ಮಾಡಿ ಇಡುತ್ತಾರೆ. ಕೆಲವು ಶಾಶ್ವತ, ಕೆಲವಕ್ಕೆ ಇಂತಿಷ್ಟು ವರ್ಷ. ಅವಧಿ ಮುಗಿದದ್ದನ್ನು ನಾಶ ಮಾಡಿದರೂ ಅದಕ್ಕೆ ಲೆಕ್ಕ ಇರಬೇಕು. ಆ ಲೆಕ್ಕವೂ ಇಲ್ಲದಿದ್ದರೆ ಕಡತ ಕಳೆದುಹೋಗಿದೆ ಅಂತ ಅರ್ಥ, ಅದು ಬೇರೆಯದೇ ವಿಷಯ. "ಕಡತ ಸಿಗುತ್ತಿಲ್ಲ" ಅನ್ನೋದು ಮಾಹಿತಿ ನಿರಾಕರಿಸಲು ಕಾಯ್ದೆ ಒಪ್ಪಿರುವ ಕಾರಣಗಳ ಪಟ್ಟಿಯಲ್ಲಿ ಇಲ್ಲ. ಸರಿಯಾಗಿ ಹುಡುಕಬೇಕು, ಸಿಗದಿದ್ದರೆ ವಿಚಾರಣೆ ಮಾಡಿ ಹೊಣೆ ಯಾರದು ಅಂತ ಗುರುತಿಸಬೇಕು ಅಂತ ದೆಹಲಿ ಹೈಕೋರ್ಟ್ 2013ರಲ್ಲಿ ಹೇಳಿತು. ನಮ್ಮ ರಾಜ್ಯದಲ್ಲಿ 2010ರ ಸಾರ್ವಜನಿಕ ದಾಖಲೆಗಳ ಕಾಯ್ದೆಯೂ ಇದೆ.

ಪರಿಶೀಲನೆಯ ಸಾಲೂ ಅಷ್ಟೇ ಮುಖ್ಯ. ಮೂವತ್ತು ವರ್ಷದ ಪುಸ್ತಕ ನಕಲು ಮಾಡಿಸುವ ಬದಲು ಕೂತು ನೋಡಿ, ಬೇಕಾದ ಪುಟ ಗುರುತು ಹಾಕಬಹುದು. ಊರಿನ ಹಳೇ ಕೈಬರಹ, ಸಂಕ್ಷೇಪ ಓದಲು ಬರುವವರು, ಅಂದರೆ ನಿವೃತ್ತ ಗ್ರಾಮ ಲೆಕ್ಕಿಗರು ಯಾರಾದರೂ ಪರಿಚಯವಿದ್ದರೆ ಜೊತೆಗೆ ಕರೆದುಕೊಂಡು ಹೋಗಿ.

"ಇದು ಬೇರೆಯವರ ವೈಯಕ್ತಿಕ ಮಾಹಿತಿ" ಅಂತ ನಿರಾಕರಿಸಬಹುದು. 2025ರ ನವೆಂಬರ್‌ನಲ್ಲಿ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮಿನ ತಿದ್ದುಪಡಿ ಜಾರಿಯಾದ ಮೇಲೆ ಈ ಕಾರಣ ಕೊಡೋದು ಮೊದಲಿಗಿಂತ ಸುಲಭವಾಗಿದೆ. ನಿಮಗೆ ರಕ್ಷಣೆ ಕೊಡೋದು 8(3). ಇಪ್ಪತ್ತು ವರ್ಷಕ್ಕಿಂತ ಹಿಂದೆ ನಡೆದ ವಿಷಯದ ಮಾಹಿತಿಯನ್ನು, ದೇಶದ ಭದ್ರತೆ, ಶಾಸನಸಭೆಯ ಹಕ್ಕುಚ್ಯುತಿ, ಸಂಪುಟದ ಕಾಗದಪತ್ರದಂಥ ಮೂರು ಕಾರಣ ಬಿಟ್ಟು, ಕೊಡಲೇಬೇಕು ಅಂತ ಅದು ಹೇಳುತ್ತದೆ. ವೈಯಕ್ತಿಕ ಮಾಹಿತಿ ಆ ಮೂರರಲ್ಲಿ ಬರುವುದಿಲ್ಲ. ನೀವು ಕೇಳುತ್ತಿರುವುದು 2002ರವರೆಗಿನ ಪಹಣಿ. ಎಂ.ಆರ್. ಕೂಡ ಅಷ್ಟೇ ಹಳೆಯದಾಗಿದ್ದರೆ ಅದಕ್ಕೂ ಇದೇ ಮಾತು. ಮೇಲ್ಮನವಿಯಲ್ಲಿ ಈ ಕಲಮನ್ನು ಬರೆಯಿರಿ.

ಉತ್ತರಕ್ಕೆ 30 ದಿನ. ದಾಖಲೆ ಬೇರೆ ಕಚೇರಿಯಲ್ಲಿದ್ದರೆ 5 ದಿನದೊಳಗೆ ಅವರೇ ಅಲ್ಲಿಗೆ ಕಳಿಸಬೇಕು. ಅವಧಿ ಮೀರಿದರೆ ನಕಲು ಉಚಿತ. ಉತ್ತರ ಬರದಿದ್ದರೆ ಅಥವಾ ತೃಪ್ತಿಯಾಗದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ತಾಲ್ಲೂಕು ಕಚೇರಿಯ ವಿಷಯದಲ್ಲಿ ಸಾಮಾನ್ಯವಾಗಿ ಉಪವಿಭಾಗಾಧಿಕಾರಿಗೆ. ಆಮೇಲೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯದು. ತಪ್ಪಿತಸ್ಥ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಆದರೆ ಆಯೋಗದಲ್ಲಿ ಸರದಿ ಬರಲು ತುಂಬಾ ಕಾಲ ಹಿಡಿಯುತ್ತದೆ. ಅದನ್ನೇ ನಂಬಿ ಕೂರಬೇಡಿ. ಮೊದಲ ಮೇಲ್ಮನವಿಯಲ್ಲೇ ಕೆಲಸ ಆಗುವಂತೆ ಅರ್ಜಿ ಬಿಗಿಯಾಗಿ ಬರೆಯೋದು ಮೇಲು.

ಇದರ ಅಪಾಯವನ್ನೂ ಹೇಳಬೇಕು. ಹಳ್ಳಿಯಲ್ಲಿ ಮಾಹಿತಿ ಹಕ್ಕಿನ ಅರ್ಜಿ ಗುಟ್ಟಾಗಿ ಉಳಿಯೋದಿಲ್ಲ. ಮೂರನೇ ವ್ಯಕ್ತಿಯ ಮಾಹಿತಿ ಅಂತ 47/1ರವರಿಗೋ ಚಿಕ್ಕಪ್ಪನಿಗೋ ನೋಟಿಸ್ ಹೋಗಬಹುದು. ನೋಟಿಸ್ ಹೋಗದಿದ್ದರೂ ಸುದ್ದಿ ಹೋಗುತ್ತದೆ. ಅವರು ಅವಸರದಲ್ಲಿ ಜಮೀನು ಇನ್ನೊಬ್ಬರಿಗೆ ಬರೆದುಕೊಟ್ಟರೆ ನಿಮ್ಮ ಕೆಲಸ ಜಟಿಲವಾಗುತ್ತದೆ. ಹಾಗಾಗಿ ಮೊದಲು ಆನ್‌ಲೈನ್ ಪಹಣಿ, ಆಮೇಲೆ ಉಪನೋಂದಣಿ ಕಚೇರಿ, ನಂತರ ನಕಲು ಅರ್ಜಿ, ಬೇಕಾದರೆ ಮಾತ್ರ ಮಾಹಿತಿ ಹಕ್ಕು. ನಿಮ್ಮ ಪರಿಸ್ಥಿತಿಗೆ ಇದೇ ಸರಿಯಾದ ಕ್ರಮ ಅಂತ ನನ್ನ ಅಭಿಪ್ರಾಯ.

ಕಾಗದ ಕೈಗೆ ಬಂದ ಮೇಲೆ ತಡ ಮಾಡಬೇಡಿ. ದಾವೆ ಹಾಕಲು ಕಾಲಮಿತಿ ಇರುತ್ತದೆ, ಮೋಸ ತಿಳಿದ ದಿನದಿಂದ ಲೆಕ್ಕ ಶುರುವಾಗುವ ಸಂದರ್ಭಗಳೂ ಇವೆ. ಮೊದಲ ನಕಲು ಸಿಕ್ಕ ತಾರೀಖನ್ನು ಬರೆದಿಟ್ಟುಕೊಂಡು ಸಿವಿಲ್ ವಕೀಲರನ್ನು ಕಾಣಿರಿ. ಎಂ.ಆರ್. ತಪ್ಪಾಗಿದ್ದರೆ ಉಪವಿಭಾಗಾಧಿಕಾರಿಗೆ ಭೂ ಕಂದಾಯ ಕಾಯ್ದೆ 136(2)ರ ಮೇಲ್ಮನವಿ ಇದೆ. ಪಾಲಿನ ಪ್ರಶ್ನೆಗೆ ಸಿವಿಲ್ ಕೋರ್ಟೇ ಗತಿ. ಕಚೇರಿಯವರು ಕೊಡದೇ ಇಟ್ಟ ಕಡತವನ್ನು ಕೋರ್ಟ್ ತರಿಸಿಕೊಳ್ಳಲೂಬಹುದು.

ಇದರ ನಡುವೆ 47/2 ಅಥವಾ 47/1ರ ಖಾತೆ ಮತ್ತೆ ಬದಲಾಗುತ್ತಿದೆ ಅಂತ ಗೊತ್ತಾದರೆ, ನೋಟಿಸ್ ಅವಧಿ ಮುಗಿಯುವ ಮುಂಚೆ ತಹಶೀಲ್ದಾರರಿಗೆ ಲಿಖಿತ ತಕರಾರು ಅರ್ಜಿ ಕೊಡಿ. ಅದರ ಜೊತೆ ವಂಶವೃಕ್ಷ, ತಾತನ ಮತ್ತು ಅಪ್ಪನ ಮರಣ ಪತ್ರ, ಆ 1974ರ ರಸೀದಿಯ ಪ್ರತಿ ಇಡಿ. ರಸೀದಿಯ ಮೂಲ ನಿಮ್ಮ ಹತ್ತಿರವೇ ಇರಲಿ, ಯಾವ ಕಚೇರಿಯಲ್ಲೂ ಬಿಟ್ಟು ಬರಬೇಡಿ.